ಕೊರಕಲಿಗಿಳಿದ ದೊಡ್ಡದೋಣಿ

ಆ ಹೊಳೆಗೆ ಸೇತುವೆ ಬರುವುದಕ್ಕೂ ಬಹಳ ಹಿಂದಿನ ಮಾತು. ಈಚೆ ದಡದಲ್ಲಿ ಕಲ್ಲುಗೋಡೆಯ ಪುಟ್ಟ ಪೇಟೆ, ಆಚೆ ದಡದಲ್ಲಿ ಹೊಲಗಳು. ಈ ದಡದಲ್ಲಿ ನಿಂತು ಕೂಗಿದರೆ ಆ ದಡದವರಿಗೆ ದನಿ ಕೇಳಿಸುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ; ಅಷ್ಟು ಅಗಲದ ನೀರು. ದಾಟಬೇಕೆಂದರೆ ಅಂಬಿಗನ ದೊಡ್ಡದೋಣಿಯೇ ಗತಿ. ಎತ್ತಿನ ಗಾಡಿಯನ್ನು ಎತ್ತುಗಳ ಸಮೇತ ಹತ್ತಿಸಿಕೊಳ್ಳುವ, ಚಪ್ಪಟೆ ತಳದ ದೋಣಿ ಅದು. ಅದರ ಚುಕ್ಕಾಣಿಯ ಹಿಡಿ ಒಬ್ಬ ಗಟ್ಟಿ ಆಳಿನ ತೋಳಿಗಿಂತ ದಪ್ಪವಿತ್ತು.

ಅಂಬಿಗನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಮಗುವನ್ನು ಮನೆಯಲ್ಲಿ ಬಿಡಲಾರದೆ ಅವನು ತೊಟ್ಟಿಲನ್ನೇ ದೋಣಿಗೆ ಕಟ್ಟಿಕೊಂಡಿದ್ದನಂತೆ. ಹುಡುಗಿ ನಡೆಯುವುದಕ್ಕಿಂತ ಮೊದಲು ಈಜು ಕಲಿತಳು ಎಂದು ಪೇಟೆಯವರು ಹೇಳುತ್ತಿದ್ದರು. ಅದರಲ್ಲಿ ಅರ್ಧ ನಿಜ, ಅರ್ಧ ಒಗ್ಗರಣೆ. ಅಂತೂ ಎಲ್ಲರೂ ಅವಳನ್ನು ನೀರುಕೋಳಿ ಎಂದೇ ಕರೆದರು. ಅಪ್ಪ ಇಟ್ಟ ಹೆಸರು ಮೂಲೆಗೆ ಬಿತ್ತು.

ದಡದ ಮೇಲೆ ಅವರ ಮನೆ. ಮನೆಯ ಹಿಂದೆ ಅಜ್ಜಿ ಹಗ್ಗ ಹೊಸೆಯುವ ಉದ್ದನೆಯ ಅಂಗಳ. ಒಂದು ತುದಿಯಲ್ಲಿ ಕೊಕ್ಕೆ ಹಾಕಿದ ರಾಟೆ. ಅಜ್ಜಿ ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು, ಬೆರಳ ಸಂದಿಯಿಂದ ಎಳೆ ಬಿಡುತ್ತ, ಹಿಂದೆ ಹಿಂದೆ ನಡೆಯುತ್ತ ಹೋಗುವಳು. ಮೊಮ್ಮಗಳು ಒಂದೇ ಸಮನೆ ರಾಟೆ ತಿರುಗಿಸಬೇಕು. ಅಜ್ಜಿ ಆ ತುದಿ ಮುಟ್ಟಿ ತಲೆ ಎತ್ತಿದರೆ ರಾಟೆಯ ಬಳಿ ಯಾರೂ ಇರುತ್ತಿರಲಿಲ್ಲ. ಹೊಳೆಯಿಂದ ನೀರು ಚಿಮ್ಮುವ ಸದ್ದು ಮಾತ್ರ ಬರುತ್ತಿತ್ತು.

"ಇವಳ ಕಾಲಿಗೆ ಹಗ್ಗ ಕಟ್ಟೋಣ ಅಂದ್ರೆ ಹಗ್ಗ ಹೊಸೆಯೋಕೇ ಬಿಡಲ್ಲ," ಎಂದು ಅಜ್ಜಿ ಗೊಣಗುವಳು.

ಪೇಟೆಯಿಂದ ಕೆಳಗೆ, ಹೊಳೆ ಎರಡು ಬಂಡೆಗೋಡೆಗಳ ನಡುವೆ ನುಗ್ಗುವ ಕಡೆ, ಒಂದು ಇಕ್ಕಟ್ಟಾದ ಕೊರಕಲಿತ್ತು. ಅಲ್ಲಿ ದೋಣಿ ಹೋಗುತ್ತಿರಲಿಲ್ಲ. ಹೋದವು ಹಲಗೆ ಹಲಗೆಯಾಗಿ ಕೆಳಗಿನ ಬಯಲಲ್ಲಿ ತೇಲಿ ಸಿಗುತ್ತಿದ್ದವು. ನೀರುಕೋಳಿಗೆ ಹದಿನಾಲ್ಕಾದಾಗ, ಅಗಸಗಿತ್ತಿಯ ಪುಟ್ಟ ದೋಣಿಯೊಂದು ಕಟ್ಟು ಬಿಚ್ಚಿಕೊಂಡು ಹೊರಟಿತು. ಅದನ್ನು ಹಿಡಿಯಲು ಹಾರಿದ ಇವಳು, ಅದರೊಳಗೆ ಹತ್ತಿದಳೇ ಹೊರತು ದಡಕ್ಕೆ ತಿರುಗಿಸಲಾಗಲಿಲ್ಲ. ಕೊರಕಲಿನ ಆಚೆ, ಮೈಯೆಲ್ಲ ತರಚಿಕೊಂಡು, ದೋಣಿಯ ಸಮೇತ ಜೀವಂತವಾಗಿ ಹೊರಬಂದಳು. ಬೇರೆಯವರಾಗಿದ್ದರೆ ಅಷ್ಟಕ್ಕೇ ಕೈಮುಗಿಯುತ್ತಿದ್ದರು. ಇವಳು ಮಾರನೆಯ ವಾರ ಬಂಡೆಯ ಮೇಲೆ ಬೋರಲಾಗಿ ಮಲಗಿ, ಒಂದೊಂದು ತೊಗಟೆ ಚೂರನ್ನು ನೀರಿಗೆ ಬಿಟ್ಟು, ಅದು ಎಲ್ಲಿ ಮುಳುಗುತ್ತದೆ, ಎಲ್ಲಿ ಏಳುತ್ತದೆ ಎಂದು ನೋಡಿದಳು. ಆಮೇಲೆ ಅದೇ ಪುಟ್ಟ ದೋಣಿಯಲ್ಲಿ ಕದ್ದು ಇನ್ನೂ ಎಷ್ಟೋ ಸಲ ಇಳಿದಳು.

ವಿಷಯ ಅಪ್ಪನ ಕಿವಿಗೆ ಬಿತ್ತು. ಅವನು ಬೈದಿದ್ದರೆ ಚೆನ್ನಾಗಿತ್ತು. ಅವನು ಮಾತನ್ನೇ ಬಿಟ್ಟ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಿದ್ದ, ಮಗಳನ್ನು ನೋಡುತ್ತಿರಲಿಲ್ಲ. ಕೊನೆಗೊಂದು ಸಂಜೆ, "ನನ್ನ ಹತ್ರ ಇರೋದು ನೀನೊಬ್ಬಳೇ," ಎಂದು ಹೇಳಿ ಎದ್ದು ಹೋದ. ಅಲ್ಲಿಂದಾಚೆಗೆ ನೀರುಕೋಳಿ ಕೊರಕಲಿನ ಕಡೆ ಹೋಗಲಿಲ್ಲ. ಅಪ್ಪ ಅವಳಿಗೆ ದೊಡ್ಡದೋಣಿಯ ಚುಕ್ಕಾಣಿಯನ್ನೂ ಕೊಡಲಿಲ್ಲ.

ಮುಂದಿನ ವರ್ಷ ಸಿಂಹಾಸನಕ್ಕಾಗಿ ಅರಮನೆಯ ಅಣ್ಣತಮ್ಮಂದಿರು ಕಿತ್ತಾಡಿದರು. ದೊಡ್ಡವರ ಜಗಳದಲ್ಲಿ ಪೇಟೆ ಯಾರ ಪರವೂ ಇರಲಿಲ್ಲ. ಆದರೆ ತಮ್ಮನ ಕುದುರೆದಂಡು ದಾರಿಯುದ್ದಕ್ಕೂ ಕಣಜ ದೋಚಿ, ಮನೆಗೆ ಬೆಂಕಿ ಇಡುತ್ತ ಬರುತ್ತಿದೆ ಎಂಬ ಸುದ್ದಿ ಬಂತು. ಕೋಟೆಗೋಡೆಯ ಕಾವಲಿಗಿದ್ದವರು ಬೆರಳೆಣಿಕೆಯ ಮಂದಿ. ಅವರ ನಾಯಕ, ಅಂಬಿಗನ ಜೊತೆಯಲ್ಲೇ ಗೋಲಿ ಆಡಿ ಬೆಳೆದವನು, ಜನರನ್ನೆಲ್ಲ ಪೇಟೆ ಬಿಡಿಸಿ ಹಿಂದಿನ ಗುಡ್ಡಕ್ಕೆ ಸಾಗಿಸಲು ಶುರುಮಾಡಿದ. ಮುದುಕರು, ಬಾಣಂತಿಯರು, ದನಕರು. ಸಾಗಿಸಿ ಮುಗಿಯಲು ಇನ್ನೂ ಸಮಯ ಬೇಕಿತ್ತು. ಅದೃಷ್ಟಕ್ಕೆ ಮೇಲಿನ ಮಳೆಯಿಂದ ಹೊಳೆ ಉಕ್ಕಿ ಹರಿಯುತ್ತಿತ್ತು. ದೋಣಿ ಸಿಗದಿದ್ದರೆ ದಂಡು ಈಚೆಗೆ ಬರುವ ಮಾತೇ ಇಲ್ಲ.

"ದೋಣಿಗಳೆಲ್ಲ ಈಚೆಗೆ ಬರಲಿ," ಎಂದ ನಾಯಕ.

ಆದರೆ ಆಚೆ ದಡದ ಹೊಲಗಳಲ್ಲಿ ಇನ್ನೂ ಜನರಿದ್ದರು. ಅಂಬಿಗ ದೊಡ್ಡದೋಣಿಯಲ್ಲಿ, ಮೀನುಗಾರರು ತಮ್ಮ ಎರಡು ಸಣ್ಣ ದೋಣಿಗಳಲ್ಲಿ, ಬೆಳಗಿನಿಂದ ಅವರನ್ನು ಕರೆತಂದರು. ಕೊನೆಯ ಸುತ್ತಿಗೆ ಹೋದಾಗ ದಂಡಿನ ಮುಂಚೂಣಿ ಬಂದುಬಿಟ್ಟಿತು. ದಡದಲ್ಲಿ ಕಾಯುತ್ತಿದ್ದವರು ಹೊಲಗಳ ಕಡೆ ಚದುರಿ ಓಡಿದರು. ಮೀನುಗಾರರು ನೀರಿಗೆ ಹಾರಿ ಈಜಿ ತಪ್ಪಿಸಿಕೊಂಡರು. ಅಂಬಿಗ ದೋಣಿ ಬಿಟ್ಟು ಹಾರಲಿಲ್ಲ. ಹುಟ್ಟುಗಳನ್ನು ಕಿತ್ತುಕೊಳ್ಳಲು ಬಂದವನಿಗೆ ಅಡ್ಡ ನಿಂತ. ಈಟಿಯ ಹಿಡಿಯಿಂದ ಅವನ ಬಲಭುಜಕ್ಕೆ ಹೊಡೆದು ಕೆಡವಿದರು. ಹುಟ್ಟುಗಳನ್ನೂ ಗಳಗಳನ್ನೂ ದಡದ ಮೇಲೆ ರಾಶಿ ಹಾಕಿ, ಅಂಬಿಗನ ಕಾಲನ್ನು ದೋಣಿಯ ನಡುಹಲಗೆಗೆ ಬಿಗಿದು, ಇಬ್ಬರು ಸಿಪಾಯಿಗಳನ್ನು ಕಾವಲಿಟ್ಟರು. ದೊಡ್ಡ ದಂಡು ಸಂಜೆಗೆ ಬರಬೇಕಿತ್ತು. ಅವರನ್ನು ದಾಟಿಸಲು ಹೊಳೆ ಬಲ್ಲವನೊಬ್ಬ ಬೇಕಲ್ಲ.

ಇದನ್ನೆಲ್ಲ ನೀರುಕೋಳಿ ಈಚೆ ದಡದ ಬುರುಜಿನಿಂದ ನೋಡಿದಳು. ಅಪ್ಪ ಬಿದ್ದಾಗ ಅವಳು ಗೋಡೆಯಂಚಿನಿಂದ ಮುಂದಕ್ಕೆ ಬಾಗಿದಳು. ಎದ್ದು ಕೂತದ್ದು ಕಂಡ ಮೇಲೆಯೇ ಹಿಂದೆ ಸರಿದಳು. ಪಕ್ಕದಲ್ಲಿ ನಾಯಕ ಬಾಣದ ತುದಿಗೆ ಎಣ್ಣೆಬಟ್ಟೆ ಸುತ್ತಿಸುತ್ತಿದ್ದ.

"ಏನು ಮಾಡ್ತಿದೀರಿ ನಾಯಕರೇ?"

ಅವನು ಅವಳ ಮುಖ ನೋಡಲಿಲ್ಲ. "ದೋಣಿ ಸುಡ್ಬೇಕಮ್ಮ. ಬೇರೆ ದಾರಿ ಇಲ್ಲ."

"ಅಪ್ಪನ್ನ ಅದಕ್ಕೇ ಕಟ್ಟಿದಾರೆ."

"ಗೊತ್ತು. ನನಗೇನು ಖುಷೀನಾ? ದೋಣಿ ಉಳಿದ್ರೆ ಈ ದಡದಲ್ಲಿ ಎಷ್ಟು ಜನ ಸಾಯ್ತಾರೆ ಹೇಳು."

ನೀರುಕೋಳಿ ಸ್ವಲ್ಪ ಹೊತ್ತು ಹೊಳೆಯನ್ನೇ ನೋಡಿದಳು. ಮೇಲಿನಿಂದ ಬೇರು ಸಮೇತ ಕಿತ್ತ ಮರಗಳು, ಕೊಂಬೆಗಳ ಗುಡ್ಡೆಗಳು ತೇಲಿ ಬರುತ್ತಿದ್ದವು. ತಿರುವಿನ ಬಳಿ ಸೆಳೆತಕ್ಕೆ ಸಿಕ್ಕಿ ಅವೆಲ್ಲ ಆಚೆ ದಡಕ್ಕೇ ಸರಿದು, ಕಟ್ಟಿದ ದೋಣಿಗಳನ್ನು ಸವರಿಕೊಂಡು ಹೋಗುತ್ತಿದ್ದವು. ಸಿಪಾಯಿಗಳು ಮೊದಮೊದಲು ಎದ್ದು ನೋಡಿದರು. ಆಮೇಲೆ ನೋಡುವುದನ್ನೇ ಬಿಟ್ಟರು.

"ನಿಮಗೆ ದೋಣಿ ಅಲ್ಲಿರಬಾರದು, ಅಷ್ಟೇ ತಾನೆ?" ಎಂದಳು. "ನಾನು ಬಿಡಿಸ್ತೀನಿ."

"ಹುಲಿ ಬಾಯಿಗೆ ತಲೆ ಕೊಡ್ತೀನಿ ಅಂದ ಹಾಗಾಯ್ತು. ಸುಮ್ನೆ ಮನೆಗೆ ಹೋಗು."

ಬುರುಜಿನ ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದಳು. ಮಗನನ್ನು ಹುಡುಕಿಕೊಂಡು ಬಂದವಳು, ಎಲ್ಲ ಕೇಳಿಸಿಕೊಂಡಿದ್ದಳು. "ಹೋಗ್ಲಿ ಬಿಡಪ್ಪ," ಎಂದಳು. "ಹುಟ್ಟಿದಾಗಿಂದ ಬೇಡ ಬೇಡ ಅಂತಾನೇ ಬಂದಿದೀನಿ. ಒಂದು ದಿನಾನಾದ್ರೂ ಕೇಳಿದಾಳಾ? ನೀನು ಬೇಡ ಅಂದ್ರೂ ಹೋಗ್ತಾಳೆ. ಹೂಂ ಅಂತ ಕಳಿಸಿದ್ರೆ ಧೈರ್ಯವಾದ್ರೂ ಇರುತ್ತೆ."

ನಾಯಕ ಬಿಲ್ಲನ್ನು ಗೋಡೆಗೆ ಒರಗಿಸಿದ. "ಬಿಸಿಲು ಈ ಗೋಡೆ ಇಳಿಯೋವರೆಗೆ ಕಾಯ್ತೀನಿ. ಆಮೇಲೆ ನನಗೆ ಕೈ ಕಟ್ಟಿಕೊಂಡು ಕೂರೋಕಾಗಲ್ಲ."

ಅಜ್ಜಿ ಸೊಂಟದಿಂದ ತನ್ನ ನಾರು ಕೊಯ್ಯುವ ಬಾಗುಗತ್ತಿ ತೆಗೆದು ಕೊಟ್ಟಳು. "ದೊಡ್ಡದೋಣಿ ಹಗ್ಗ ನಾನೇ ಹೊಸೆದಿದ್ದು. ಒಂದೇ ಸಲಕ್ಕೆ ಎಳೆದು ಕುಯ್ಯೋಕೆ ಹೋದ್ರೆ ಕತ್ತಿ ಮೊಂಡಾಗುತ್ತೆ, ಹಗ್ಗ ನಗುತ್ತೆ. ಹುರಿ ಬಿಚ್ಚಿ ಒಂದೊಂದೇ ಎಳೆ ಕುಯ್ಯಿ. ನೆನಪಿದೆಯಾ?"

"ಇದೆ."

"ರಾಟೆ ಬಿಟ್ಟು ಓಡ್ತಿದ್ದೆಯಲ್ಲ, ಅದಕ್ಕೆ ಕೇಳಿದೆ."

ಹುಡುಗಿ ಹೊಳೆಯ ಏರಿನಗುಂಟ ಮೇಲಕ್ಕೆ ಓಡಿ, ಆಚೆಯವರ ಕಣ್ಣಿಗೆ ಬೀಳದ ಕಡೆ ನೀರಿಗಿಳಿದಳು. ತುಂಬು ಎಲೆಗಳಿದ್ದ ಮರವೊಂದು ಉರುಳುತ್ತ ಬರುವವರೆಗೆ ಕಾದಳು. ಅದು ಹತ್ತಿರ ಬಂದಾಗ ಕೊಂಬೆ ಹಿಡಿದು ಒಳಸರಿದಳು. ಎಲೆಗಳ ನಡುವೆ ಮೂಗು, ಕಣ್ಣು ಮಾತ್ರ ಹೊರಗೆ. ಇರುವೆಗಳ ಗೂಡೊಂದು ಅದೇ ಕೊಂಬೆಯಲ್ಲಿತ್ತು. ಪ್ರವಾಹಕ್ಕೆ ದಿಕ್ಕೆಟ್ಟ ಇರುವೆಗಳು ಅವಳ ಕತ್ತು, ಕಿವಿ, ರೆಪ್ಪೆಯನ್ನೂ ಬಿಡಲಿಲ್ಲ. ಅವಳು ಹಲ್ಲು ಕಚ್ಚಿದಳೇ ಹೊರತು ಕೈ ಎತ್ತಲಿಲ್ಲ.

ತಿರುವು ಬಂತು. ಸೆಳೆತ ಮರವನ್ನು ಆಚೆ ದಡಕ್ಕೆ ಎಳೆಯಿತು. ಮರ ದೊಡ್ಡದೋಣಿಯ ಪಕ್ಕೆಗೆ ಒರಗಿದಾಗ ಅವಳು ಮುಳುಗಿ ತಳದ ಕೆಳಗಿನಿಂದ ಸಾಗಿ, ದೋಣಿಗೂ ದಡಕ್ಕೂ ನಡುವಿನ ನೆರಳಲ್ಲಿ ತಲೆ ಎತ್ತಿದಳು. ಮೊದಲು ಮೀನುಗಾರರ ದೋಣಿಗಳು. ಅವುಗಳ ಹಗ್ಗ ತೆಳುವಿತ್ತು. ಒಂದು ಸದ್ದಿಲ್ಲದೆ ಹೊರಟಿತು. ಸ್ವಲ್ಪ ತಡೆದು ಇನ್ನೊಂದು.

"ಏಯ್, ಸಣ್ಣ ದೋಣಿ ಹೋಗ್ತಿದೆ," ಎಂದ ಕಾವಲಿನ ಹಿರಿಯ ಸಿಪಾಯಿ, ಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದವನು.

ಅಂಬಿಗ ಹೊರಳಿ ನೋಡಿದ. ದೋಣಿಯ ಅಂಚಿನ ಆಚೆ, ನೀರಿನ ಮಟ್ಟದಲ್ಲಿ, ಮಗಳ ಕಣ್ಣುಗಳು ಕಂಡವು. ಅವನು ಕೂಗಿಬಿಡುವುದರಲ್ಲಿದ್ದ. ಆದರೆ ಅಂಬಿಗ ಅಂಬಿಗನೇ. ಸಿಪಾಯಿಗಳ ಕಡೆ ತಿರುಗಿ ಹೇಳಿದ: "ಹೋಗದೆ ಇನ್ನೇನು? ನೀರು ಏರ್ತಿದೆ. ಹಗ್ಗ ಬಿಗಿಯಾದ್ರೆ ಕಿತ್ಕೊಂಡು ಹೋಗುತ್ತೆ. ಇದನ್ನೂ ಸ್ವಲ್ಪ ಸಡಿಲ ಬಿಡ್ಬೇಕು. ಇಲ್ಲಾಂದ್ರೆ ಮೂತಿ ಕೆಳಗಾಗಿ ಮಗುಚುತ್ತೆ. ನನಗೇನು, ನಾನಂತೂ ಕಟ್ಟಿಸ್ಕೊಂಡಿದೀನಿ. ನಿಮಗೆ ಈಜು ಬರುತ್ತೆ ತಾನೆ?"

ಸಿಪಾಯಿಗಳು ಮುಖ ಮುಖ ನೋಡಿಕೊಂಡರು. ಹಿರಿಯವನು ದಡಕ್ಕೆ ಹಾರಿ, ದೊಡ್ಡದೋಣಿಗಿದ್ದ ಎರಡು ಹಗ್ಗಗಳಲ್ಲಿ ಒಂದನ್ನು ತನ್ನ ಕೈಯಾರೆ ಗೂಟದಿಂದ ಸಡಿಲಿಸಿದ. ಪಾಪ, ಅವನಿಗೆ ಗಂಟಿನ ಗುಟ್ಟು ತಿಳಿಯದು. ಹಗ್ಗ ಸರ್ರನೆ ಜಾರಿ ಪೂರ್ತಿ ಬಿಚ್ಚಿಕೊಂಡಿತು. ಅವನು ಅದರ ಹಿಂದೆ ಓಡುವಷ್ಟರಲ್ಲಿ, ಇನ್ನೊಂದು ಹಗ್ಗದ ಕೊನೆಯ ಎಳೆಯನ್ನು ನೀರುಕೋಳಿ ಕೊಯ್ದಿದ್ದಳು.

ದೊಡ್ಡದೋಣಿ ಒಮ್ಮೆ ಮೈ ಮುರಿದಂತೆ ಕದಲಿ, ದಡ ಬಿಟ್ಟಿತು.

ದಡದಲ್ಲಿ ಕೂಗಾಟ ಎದ್ದಿತು. ಒಂದೆರಡು ಈಟಿಗಳು ಬಂದು ನೀರಿಗೆ ಬಿದ್ದವು. ನೀರುಕೋಳಿ ಅಂಚು ಹಿಡಿದು ಒಳಕ್ಕೆ ಉರುಳಿದಳು. ದೋಣಿಯಲ್ಲಿ ಉಳಿದಿದ್ದ ಸಿಪಾಯಿ ಮೀಸೆ ಚಿಗುರುತ್ತಿದ್ದ ತರುಣ. ಈಟಿಯನ್ನು ಹಿಡಿದಿದ್ದನೇನೋ ನಿಜ, ಆದರೆ ಅದನ್ನು ಊರಿಕೊಂಡು ಬೀಳದಂತೆ ನಿಲ್ಲುವುದಕ್ಕೇ ಅವನಿಗೆ ಸಾಕಾಗಿತ್ತು.

"ನನಗೆ ಈಜು ಬರಲ್ಲ," ಎಂದ.

"ಹಾಗಾದ್ರೆ ಕೂತ್ಕೋ," ಎಂದಳು ನೀರುಕೋಳಿ. ಅವನು ಕೂತ.

ಅವಳು ಅಪ್ಪನ ಕಾಲಿನ ಕಟ್ಟು ಕೊಯ್ದಳು. ಅವನು ಎದ್ದವನೇ ಚುಕ್ಕಾಣಿಗೆ ಕೈ ಹಾಕಿದ. ಬಲತೋಳು ಮೇಲೇಳಲಿಲ್ಲ. ಎಡಗೈಯಿಂದ ತಳ್ಳಿದ, ಹಿಡಿ ಅಲುಗಲಿಲ್ಲ. ಹುಟ್ಟಿಲ್ಲ, ಗಳವಿಲ್ಲ. ಈಚೆ ದಡಕ್ಕೆ ತಿರುಗಿಸುವ ದಾರಿಯೇ ಇರಲಿಲ್ಲ. ಮುಂದೆ, ಹೊಳೆಯ ಮೇಲೆ ನೀರಿನ ಹೊಗೆ ಏಳುತ್ತಿದ್ದ ಕಡೆ, ಕೊರಕಲಿನ ಮೊರೆತ ಕೇಳಿಸತೊಡಗಿತ್ತು.

ಅಪ್ಪ ಮಗಳ ಕಡೆ ತಿರುಗಿದ. ವರ್ಷದಿಂದ ಇಬ್ಬರ ನಡುವೆ ಬಾಯಿಗೆ ಬರದ ಮಾತೊಂದಿತ್ತು. ಅದನ್ನು ಆಡಲು ಈಗ ಹೊತ್ತಿರಲಿಲ್ಲ.

"ಎಷ್ಟು ಸಲ ಇಳಿದಿದ್ದೆ?" ಎಂದು ಕೇಳಿದ.

"ತುಂಬಾ ಸಲ."

"ಎಡಕ್ಕೋ, ಬಲಕ್ಕೋ?"

"ಬಲಕ್ಕೆ. ಎಡಗಡೆ ನೀರು ಕನ್ನಡಿ ಹಾಗಿರುತ್ತೆ, ಕೆಳಗೆ ಬಂಡೆ ಸಾಲಿದೆ. ಬಲಗಡೆ ಅಬ್ಬರ ಜಾಸ್ತಿ, ಆದ್ರೆ ಆಳ ಇದೆ."

"ಚುಕ್ಕಾಣಿ ತಗೋ," ಎಂದ ಅಪ್ಪ. "ನಾನು ಮುಂದೆ ಇರ್ತೀನಿ. ಏನು ಮಾಡ್ಬೇಕು ಹೇಳು."

ಅಷ್ಟು ದೊಡ್ಡ ದೋಣಿಯನ್ನು ಅವಳು ಎಂದೂ ನಡೆಸಿರಲಿಲ್ಲ. ಚುಕ್ಕಾಣಿಯ ಹಿಡಿಗೆ ಬೆನ್ನು ಕೊಟ್ಟು, ಕಾಲನ್ನು ಅಡ್ಡಪಟ್ಟಿಗೆ ಊರಿ, ಮೈಯಿಡೀ ಭಾರ ಹಾಕಿದಳು. ದೋಣಿ ತಡವಾಗಿ, ಮನಸ್ಸಿಲ್ಲದ ಎಮ್ಮೆಯಂತೆ, ಮೂತಿ ತಿರುಗಿಸಿತು. ಓ, ಇದಕ್ಕೆ ಮೊದಲೇ ಹೇಳಬೇಕು, ಆಮೇಲೆ ಕಾಯಬೇಕು ಎಂದು ಅವಳಿಗೆ ಹೊಳೆಯಿತು.

"ಗಾಡಿ ಹತ್ತಿಸೋ ಹಲಗೆ ಇದೆಯಲ್ಲ, ಅದನ್ನ ಮುಂದಕ್ಕೆ ತಗೋ ಅಪ್ಪ. ನಡುಬಂಡೆಗೆ ಒತ್ತಿಹಿಡೀಬೇಕು. ಏಯ್ ಸಿಪಾಯಿ, ನೀನೂ ಹಿಡ್ಕೋ."

ಬಂಡೆಗೋಡೆಗಳು ಎರಡೂ ಕಡೆಯಿಂದ ಎದ್ದು ನಿಂತವು. ಬಿಸಿಲು ಹೋಯಿತು. ಮೊರೆತ ಎಷ್ಟಿತ್ತೆಂದರೆ ಮಾತು ಬಾಯಿಂದ ಹೊರಡುವ ಮುಂಚೆಯೇ ಮುಳುಗುತ್ತಿತ್ತು. ಹೊಳೆಯ ಮಧ್ಯೆ ಮನೆಯೆತ್ತರದ ಬಂಡೆ. ನೀರು ಅದಕ್ಕೆ ಅಪ್ಪಳಿಸಿ, ದಿಂಬಿನಂತೆ ಉಬ್ಬಿ, ಎರಡೂ ಕಡೆಗೆ ಹರಿಯುತ್ತಿತ್ತು. ಮುಂಚೆ ಹೊರಟಿದ್ದ ಮೀನುಗಾರರ ದೋಣಿಗಳು ಎಡಕ್ಕೆ ಸರಿದವು. ಒಂದರ ಹಿಂದೆ ಒಂದು, ಕಡ್ಡಿ ಮುರಿದಷ್ಟು ಸುಲಭವಾಗಿ ಮುರಿದುಹೋದವು.

ನೀರುಕೋಳಿ ದೋಣಿಯನ್ನು ನೇರ ನಡುಬಂಡೆಗೇ ಗುರಿ ಇಟ್ಟಳು.

"ಬಂಡೆಗೇ ಹೋಗ್ತಿದೀಯ," ಎಂದು ಅಪ್ಪ ಅರಚಿದ್ದು ಅವಳಿಗೆ ತುಟಿಯ ಆಕಾರದಿಂದ ತಿಳಿಯಿತು. ಅವಳು ಹೌದೆಂದು ತಲೆಯಾಡಿಸಿದಳು. ಬೇಗ ಬಲಕ್ಕೆ ತಿರುಗಿಸಿದರೆ ದೋಣಿ ಅಡ್ಡಲಾಗಿ ಗೋಡೆಗೆ ಬಡಿಯುತ್ತದೆ. ಬಂಡೆಯಿಂದ ಚಿಮ್ಮುವ ನೀರೇ ಅದನ್ನು ಬಲಕ್ಕೆ ತಳ್ಳಬೇಕು. ತೊಗಟೆ ಚೂರುಗಳು ಹಾಗೇ ಹೋಗಿದ್ದವು, ಪುಟ್ಟ ದೋಣಿಯೂ ಹಾಗೇ ಹೋಗಿತ್ತು. ಇಷ್ಟು ಭಾರದ ದೋಣಿಯನ್ನು ನೀರು ತಳ್ಳೀತೇ? ಅದು ಅವಳಿಗೂ ಗೊತ್ತಿರಲಿಲ್ಲ. ಕಾಲನ್ನು ಅಡ್ಡಪಟ್ಟಿಗೆ ಇನ್ನಷ್ಟು ಬಿಗಿಯಾಗಿ ಊರಿದಳು.

ಬಂಡೆ ಬೆಳೆಯುತ್ತ ಬಂತು. ಅದರ ಪಾಚಿ ಕಂಡಿತು, ಬಿರುಕು ಕಂಡಿತು. ಇನ್ನೇನು ಎನ್ನುವಾಗ ಅವಳು ಬೆನ್ನಿನಿಂದ ಹಿಡಿಯನ್ನು ನೂಕಿದಳು. ಅಪ್ಪ ಎಡಭುಜವನ್ನೂ ಸಿಪಾಯಿ ಎದೆಯನ್ನೂ ಕೊಟ್ಟು ಹಲಗೆಯನ್ನು ಬಂಡೆಗೆ ಒತ್ತಿದರು. ಹಲಗೆ ಬಿಲ್ಲಿನಂತೆ ಬಾಗಿ, ಸಿಡಿದು ತುಂಡಾಯಿತು. ಅಷ್ಟರಲ್ಲಿ ಉಬ್ಬಿದ ನೀರು ದೋಣಿಯ ಮೂತಿಯನ್ನು ಎತ್ತಿ ಬಲಕ್ಕೆ ಹಾಕಿತು. ಎಡಪಕ್ಕೆ ಬಂಡೆಯನ್ನು ಉಜ್ಜಿಕೊಂಡು ಕರಕರ ಎಂದಿತು. ಆಮೇಲೆ ಅವರು ಬಿದ್ದರು. ದೋಣಿಗೆ ದೋಣಿಯೇ ಬಿಳಿ ನೀರೊಳಗೆ ಬಿದ್ದು, ಮುಳುಗಿತೆಂದು ಮೂವರೂ ಅಂದುಕೊಂಡಾಗ, ನೀರು ಕುಡಿದು ಎದ್ದಿತು.

"ನೀರು ಹೊರಗೆ ಹಾಕು," ಎಂದು ನೀರುಕೋಳಿ ಸಿಪಾಯಿಗೆ ಕೂಗಿದಳು.

"ಯಾವುದರಲ್ಲಿ?"

"ತಲೆ ಮೇಲಿದೆಯಲ್ಲ ಕಬ್ಬಿಣದ ಟೋಪಿ, ಅದರಲ್ಲಿ."

ಅವನು ಟೋಪಿ ತೆಗೆದು, ಅಳುತ್ತಲೇ, ಒಂದೇ ಸಮನೆ ನೀರು ಮೊಗೆದ. ಇನ್ನೆರಡು ಸಣ್ಣ ಇಳುಕಲುಗಳಿದ್ದವು. ಒಂದರಲ್ಲಿ ಚುಕ್ಕಾಣಿಯ ಹಿಡಿ ತಿರುಗಿ ಬಡಿದು ಅವಳನ್ನು ಕೆಡವಿತು. ಎದ್ದಾಗ ತುಟಿ ಒಡೆದಿತ್ತು, ಹಿಡಿ ಮತ್ತೆ ಬೆನ್ನಿಗಿತ್ತು. ಬಂಡೆಗೋಡೆಗಳು ಹಿಂದೆ ಸರಿದವು. ಬಿಸಿಲು ಮುಖಕ್ಕೆ ಹೊಡೆಯಿತು. ಹೊಳೆ ಬಯಲಿಗೆ ಬಿದ್ದು, ತನ್ನ ಅಬ್ಬರ ತನಗೇ ಸಾಕಾದಂತೆ ಅಗಲವಾಗಿ, ನಿಧಾನವಾಗಿ ಹರಿಯುತ್ತಿತ್ತು. ಅವಳು ದೋಣಿಯನ್ನು ಈಚೆ ದಡದ ಮರಳಿಗೆ ತಂದು ನಿಲ್ಲಿಸಿದಳು.

ಅಪ್ಪ ಬಂದು ಪಕ್ಕದಲ್ಲಿ ಕುಳಿತ. ಅವಳ ಕತ್ತಿನ ಮೇಲೆ ಇರುವೆ ಕಚ್ಚಿ ಎದ್ದ ದದ್ದುಗಳನ್ನು ನೋಡಿದ. ಇನ್ನೂ ಕಚ್ಚಿಕೊಂಡಿದ್ದ ಒಂದು ಇರುವೆಯನ್ನು ಎರಡು ಬೆರಳಲ್ಲಿ ತೆಗೆದು ಹಾಕಿದ.

"ಬಂಡೆಗೇ ಗುರಿ ಇಟ್ಟೆಯಲ್ಲೇ," ಎಂದ.

"ಹೂಂ ಅಪ್ಪ."

"ಮೂವತ್ತು ವರ್ಷದಿಂದ ಅದನ್ನ ದೂರದಿಂದ ನೋಡಿ ಹೆದರಿದವನು ನಾನು." ಅವನ ಕಣ್ಣುಗಳು ತುಂಬಿದ್ದವು. ಅದು ನೋವಿಗೂ ಇರಬಹುದು. ಭುಜದ ಮೂಳೆ ಮುರಿದಿತ್ತು.

ಪೇಟೆಯಿಂದ ಓಡಿಬಂದವರು ಮೊದಲು ಸಿಪಾಯಿಯ ಮೇಲೆ ಮುಗಿಬಿದ್ದರು. ನೀರುಕೋಳಿ ಅಡ್ಡ ನಿಂತಳು. "ಅವನು ನೀರು ಹೊರಗೆ ಹಾಕದಿದ್ರೆ ನಾವು ಮೂರೂ ಜನ ತಳದಲ್ಲಿರ್ತಿದ್ವಿ. ಮೊದಲು ಅವನಿಗೆ ಊಟ ಹಾಕಿ. ಹೊಡೆಯೋದೇ ಆದ್ರೆ ಆಮೇಲೆ ನೋಡೋಣ." ಆಮೇಲೆ ಯಾರಿಗೂ ಆ ಮನಸ್ಸು ಬರಲಿಲ್ಲ. ಅವನು ಕುಂಬಾರನ ಮಗನಂತೆ. ದಂಡಿನವರು ತಿಗರಿಯ ಮುಂದಿನಿಂದಲೇ ಎಳೆದೊಯ್ದಿದ್ದರಂತೆ.

ಸಂಜೆ ದೊಡ್ಡ ದಂಡು ಬಂತು. ಆಚೆ ದಡದಲ್ಲಿ ಹುಟ್ಟುಗಳ ರಾಶಿಯಿತ್ತು, ದೋಣಿ ಒಂದೂ ಇರಲಿಲ್ಲ. ಅವರು ಮರ ಕಡಿದು ತೆಪ್ಪ ಕಟ್ಟಲು ನೋಡಿದರು. ಮೊದಲನೆಯದು ಸೆಳೆತಕ್ಕೆ ಸಿಕ್ಕಿ ಕೊರಕಲಿನ ದಾರಿ ಹಿಡಿದ ಮೇಲೆ ಎರಡನೆಯದಕ್ಕೆ ಯಾರೂ ಹತ್ತಲಿಲ್ಲ. ಹೊಳೆ ಇಳಿಯುವ ಮೊದಲೇ ಕುದುರೆಗಳ ಮೇವು ಮುಗಿಯಿತು. ದಂಡು ಬಂದ ದಾರಿಯಲ್ಲೇ ಹಿಂತಿರುಗಿತು. ಅಷ್ಟರಲ್ಲಿ ಕಡೆಯ ಬಾಣಂತಿ, ಕಡೆಯ ಕರು ಕೂಡ ಗುಡ್ಡದ ಮೇಲಿದ್ದರು. ಪೇಟೆಯಲ್ಲಿ ಒಂದು ಹೆಣವೂ ಬೀಳಲಿಲ್ಲ.

ಜನ ಮನೆಗಳಿಗೆ ಮರಳಿದ ಮೇಲೆ ನಾಯಕ ಅವಳನ್ನು ಕರೆಸಿ, ಏನು ಬೇಕು ಕೇಳು ಎಂದ.

"ಮೀನುಗಾರರ ದೋಣಿ ಎರಡನ್ನ ನಾನೇ ಕೊಯ್ದು ಬಿಟ್ಟಿದ್ದು," ಎಂದಳು. "ಕೋಟೆ ಕೆಲಸಕ್ಕೆ ತರಿಸಿದ ಮರ ಇದೆಯಲ್ಲ, ಅದನ್ನ ಅವರಿಗೆ ಕೊಡಿ."

"ಅದು ಅವರಿಗಾಯ್ತು. ನಿನಗೆ?"

ಅವಳು ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಯೋಚಿಸಿದಳು. "ನನಗೆ ಬೇಕಾಗಿರೋದು ನಿಮ್ಮ ಹತ್ರ ಇಲ್ಲ ನಾಯಕರೇ. ಅಪ್ಪನ ಹತ್ರ ಇದೆ."

ಹೊಳೆ ತಿಳಿಯಾದ ಮೇಲೆ ದೊಡ್ಡದೋಣಿಯ ಪಕ್ಕೆಗೆ ಹೊಸ ಹಲಗೆ ಬಡಿದು, ಸಂದಿಗಳಿಗೆ ನಾರು ತುರುಕಿ ರಾಳ ಬಳಿದರು. ಮತ್ತೆ ಮೊದಲ ಸಲ ಜನರನ್ನು ದಾಟಿಸುವ ದಿನ, ಹೊಲಕ್ಕೆ ಮರಳುವವರು ಬುಟ್ಟಿ, ಕೋಳಿ, ಮಕ್ಕಳ ಸಮೇತ ಹತ್ತಿದರು. ಅಂಬಿಗನೂ ಹತ್ತಿದ. ಬಲಗೈ ಕುತ್ತಿಗೆಗೆ ಕಟ್ಟಿದ್ದ ಅವನು ಹಿಂದೆ ಚುಕ್ಕಾಣಿಯ ಕಡೆ ಹೋಗಲಿಲ್ಲ. ಜನರ ನಡುವೆ ಜಾಗ ಮಾಡಿಕೊಂಡು ಕುಳಿತ. ಜೀವಮಾನದಲ್ಲಿ ಮೊದಲ ಸಲ ದೋಣಿಯಲ್ಲಿ ಅವನಿಗೆ ಮಾಡಲು ಏನೂ ಇರಲಿಲ್ಲ. ಉಳಿದಿದ್ದ ಒಂದು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಪಕ್ಕದವರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ.

"ನೀರು ಇನ್ನೂ ಜೋರಾಗೇ ಇದೆಯಲ್ಲಣ್ಣ," ಎಂದಳು ಕೋಳಿಬುಟ್ಟಿ ಹಿಡಿದ ಹೆಂಗಸು, ಅಳುಕುತ್ತ. "ಈಗ ದಾಟಬಹುದಾ?"

"ನನ್ನ ಕೇಳಬೇಡಮ್ಮ," ಎಂದ ಅವನು, ಗದ್ದದಿಂದ ಹಿಂದಕ್ಕೆ ತೋರಿಸಿ. "ಅಂಬಿಗಿತ್ತಿ ಅಲ್ಲಿದಾಳೆ, ಅವಳನ್ನ ಕೇಳು."

ಚುಕ್ಕಾಣಿಗೆ ಬೆನ್ನು ಕೊಟ್ಟು ನಿಂತಿದ್ದ ನೀರುಕೋಳಿ ಹೊಳೆಯ ಮೇಲೂ ಕೆಳಗೂ ಒಮ್ಮೆ ನೋಡಿ, "ದಾಟಬಹುದು, ಕೂತ್ಕೊಳ್ಳಿ," ಎಂದಳು. ಹೆಂಗಸು ಕೂತಳು. ದೋಣಿ ದಡ ಬಿಟ್ಟಿತು.